ಬಟ್ಟೆ ಟಾಪ್‌ನ ಥಾರ್‌ನಲ್ಲಿ ಕೆನ್ವುಡ್ ಟಿಎಂ-ವಿ71ಎ: ಹಲವು ಮಳೆಗಾಲ ಕಂಡ ಮೇಲಿನ ವಿಮರ್ಶೆ

ರೇಡಿಯೊದ ಮಟ್ಟಿಗೆ ಹೇಳುವುದು ಹೆಚ್ಚಿಲ್ಲ. ಟಿಎಂ-ವಿ71ಎ 144 ಮತ್ತು 430 ಮೆಗಾಹರ್ಟ್ಸ್ ಎರಡೂ ಬ್ಯಾಂಡ್‌ಗಳಲ್ಲಿ 50 ವ್ಯಾಟ್ ಕೊಡುವ, ಎರಡು ಚಾನೆಲ್‌ಗಳನ್ನು ಒಟ್ಟಿಗೇ ಕೇಳಿಸುವ ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿಗಳ) ರೇಡಿಯೊ ಸೆಟ್ಟು. ಒಂದು ಬದಿಯಲ್ಲಿ ಕನ್ವಾಯ್ (ಜೊತೆಗೆ ಸಾಗುವ ಗಾಡಿಗಳ) ಚಾನೆಲ್, ಇನ್ನೊಂದರಲ್ಲಿ ಹತ್ತಿರದ ರಿಪೀಟರ್ (ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ) ಇಟ್ಟುಕೊಂಡರೆ ಪದೇ ಪದೇ ಗುಂಡಿ ಒತ್ತುವ ಗೋಜಿಲ್ಲ. ಕುಲುಕಾಟ, ಧೂಳು, ಬೇಸಿಗೆಯ ಕಾವು ಎಲ್ಲವನ್ನೂ ತಡೆದುಕೊಂಡಿದೆ. ಡಿಎಫ್‌ಕೆ-3ಡಿ ಕಿಟ್ ಬೇರೆಯಾಗಿ ಕೊಳ್ಳಬೇಕು ಅನ್ನುವುದೊಂದೇ ಬೇಸರ. ಅದಿದ್ದರೆ ಮುಖಫಲಕ ಮಾತ್ರ ಡ್ಯಾಶ್‌ಬೋರ್ಡ್ ಮೇಲೆ, ದೇಹ ಎಲ್ಲಾದರೂ ಒಳಗೆ. ಥಾರ್‌ನ ಕ್ಯಾಬಿನ್‌ನಲ್ಲಿ ಈ ಕಿಟ್ ಇಲ್ಲದೆ ಸೆಟ್ಟಿಗೆ ನೆಟ್ಟಗೆ ಜಾಗ ಸಿಗುವುದಿಲ್ಲ.

ಆದರೆ ಗಾಡಿಯಲ್ಲಿ ರೇಡಿಯೊ ಚೆನ್ನಾಗಿ ಮಾತಾಡುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ಸೆಟ್ಟಲ್ಲ, ವೈರು, ಅರ್ಥಿಂಗ್ ಮತ್ತು ಆಂಟೆನಾ. ದುಡ್ಡಿಗಿಂತ ಹೆಚ್ಚು ಸಮಯ ಬೇಡುವುದೂ ಅಲ್ಲೇ.

ಮೊದಲು ಕರೆಂಟು. ಪೂರ್ತಿ ಪವರ್‌ನಲ್ಲಿ ಈ ಸೆಟ್ಟು 13 ಆಂಪಿಯರ್‌ವರೆಗೂ ಎಳೆಯುತ್ತದೆ. ಸಿಗರೇಟ್ ಸಾಕೆಟ್‌ನಿಂದ ಕೊಡುವ ಯೋಚನೆ ಬೇಡವೇ ಬೇಡ. ಬ್ಯಾಟರಿಯಿಂದಲೇ ನೇರ ಎಳೆಯಿರಿ. ಬ್ಯಾಟರಿಯಿಂದ ಸೆಟ್ಟಿಗೆ 3 ಮೀಟರ್ ಎಂದರೆ ಹೋಗಿಬರುವ ದಾರಿ 6 ಮೀಟರ್. 1 ಚದರ ಮಿ.ಮೀ. ವೈರಿನಲ್ಲಿ ಅಷ್ಟು ದೂರಕ್ಕೆ ಸುಮಾರು 1.4 ವೋಲ್ಟ್ ನಷ್ಟ, 2.5ರಲ್ಲಿ 0.6, 4 ಚದರ ಮಿ.ಮೀ. ತಾಮ್ರದಲ್ಲಿ 0.36. ಸೆಟ್ಟಿಗೆ ಬೇಕಾದದ್ದು 13.8 ವೋಲ್ಟ್, ಅದರಿಂದ ಶೇ. 15ರಷ್ಟು ಕೆಳಗೆ, ಅಂದರೆ 11.7ರವರೆಗೆ ಓಡುತ್ತದೆ. ಎಂಜಿನ್ ನಿಂತಾಗ ಬ್ಯಾಟರಿ 12.4ರಲ್ಲಿದ್ದರೆ ಸಣ್ಣ ವೈರು ಹಾಕಿದವರಿಗೆ ಮೈಕ್ ಒತ್ತಿದ ಕ್ಷಣವೇ ತೊಂದರೆ. 4 ಚದರ ಮಿ.ಮೀ. ಹಾಕಿ, ವೈರಿನ ತುದಿಯ ತಿಂಬಲ್‌ಗಳನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ, ಹೀಟ್ ಶ್ರಿಂಕ್ ಹಾಕಿ. ಫೈರ್‌ವಾಲ್‌ನಲ್ಲಿ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಈಗಾಗಲೇ ಇರುವ ರಬ್ಬರ್ ಗ್ರೊಮೆಟ್ ಮೂಲಕವೇ ಒಳಗೆ ತನ್ನಿ. ಬರಿ ತಗಡಿನ ಅಂಚು ಕುಲುಕಾಟಕ್ಕೆ ವೈರಿನ ಮೈ ಕೊರೆಯುತ್ತದೆ.

15 ಆಂಪಿಯರ್ ಫ್ಯೂಸ್ ಬ್ಯಾಟರಿಯ ಹತ್ತಿರವೇ, ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಕಾಯುವುದು ಸೆಟ್ಟನ್ನಲ್ಲ, ವೈರನ್ನು. ನೆಗೆಟಿವ್ ಬಗ್ಗೆ ಎಚ್ಚರ: ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಸೆನ್ಸರ್ ಇರುವ ಗಾಡಿಯಾದರೆ ರೇಡಿಯೊದ ಕಪ್ಪು ವೈರನ್ನು ಸೆನ್ಸರ್ ದಾಟಿದ ಮೇಲೆ, ಬ್ಯಾಟರಿ ಕೇಬಲ್ ಗಾಡಿಯ ಮೈಗೆ ಬೋಲ್ಟ್ ಆಗುವಲ್ಲಿ ಕಟ್ಟಿ. ಇಲ್ಲದಿದ್ದರೆ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಸೆನ್ಸರ್ ಇಲ್ಲದ ಹಳೆ ಗಾಡಿಯಲ್ಲಿ ನೆಗೆಟಿವ್ ಅನ್ನು ನೇರ ಬ್ಯಾಟರಿಗೆ ಕೊಡುವುದಾದರೆ ಅದಕ್ಕೂ ಒಂದು ಫ್ಯೂಸ್ ಬೇಕು. ಎಂಜಿನ್‌ನ ಅರ್ಥ್ ಪಟ್ಟಿ ಸಡಿಲವಾದ ದಿನ ಸ್ಟಾರ್ಟರ್‌ನ ನೂರಾರು ಆಂಪಿಯರ್ ನಿಮ್ಮ ಕೋಆಕ್ಸ್ (ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್) ಮತ್ತು ಆ ಕಪ್ಪು ವೈರಿನ ಮೂಲಕ ವಾಪಸ್ ಬರಲು ನೋಡುತ್ತದೆ.

ಇನ್ನು ಆಂಟೆನಾ. ಬಟ್ಟೆ ಟಾಪ್‌ನ ಗಾಡಿಗೆ ತಲೆಯ ಮೇಲೆ ತಗಡೇ ಇಲ್ಲ. ಮ್ಯಾಗ್ನೆಟ್ ಮೌಂಟ್ ಕೂರುವುದಿಲ್ಲ, ಕ್ವಾರ್ಟರ್ ವೇವ್‌ಗೆ (ತರಂಗದ ಕಾಲು ಭಾಗದಷ್ಟು ಉದ್ದದ ಕಡ್ಡಿ ಆಂಟೆನಾ) ಬೇಕಾದ ಲೋಹದ ಹಾಸೂ ಸಿಗುವುದಿಲ್ಲ. ಉಳಿದದ್ದು ಬಾನೆಟ್. ಬಾನೆಟ್ ಅಂಚಿಗೆ ಕಚ್ಚುವ ಬ್ರಾಕೆಟ್, ಅದರ ಮೇಲೆ ಎನ್‌ಎಂಒ ಎಂಬ ಬಗೆಯ ಆಂಟೆನಾ ಮೌಂಟ್ ಹಾಕಿದರೆ ಚೆನ್ನ; ಮಳೆಗೆ ಎಸ್‌ಒ-239 ಬಗೆಯ ಸಾಕೆಟ್‌ಗಿಂತ ಅದೇ ವಾಸಿ. ಬ್ರಾಕೆಟ್‌ನ ಸಣ್ಣ ಸ್ಕ್ರೂಗಳು ಪೇಂಟ್ ಸೀಳಿ ತಗಡು ಮುಟ್ಟಲೇಬೇಕು. ಮೀಟರ್ ಹಿಡಿದು ನೋಡಿ, ಬ್ರಾಕೆಟ್‌ಗೂ ಬಾನೆಟ್‌ಗೂ ನಡುವೆ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ಅಷ್ಟೂ ಸಾಲದು, ಬಾನೆಟ್ ತಾನೇ ಗ್ರೀಸು ಮೆತ್ತಿದ ಹಿಂಜುಗಳ ಮೇಲೆ ನಿಂತಿರುತ್ತದೆ. ಬಾನೆಟ್‌ನಿಂದ ಗಾಡಿಯ ಮೈಗೆ ಹೆಣೆದ ತಾಮ್ರದ ಅಗಲ ಪಟ್ಟಿಯನ್ನು ಆದಷ್ಟು ಗಿಡ್ಡ ಕಟ್ಟಿ, ಎರಡೂ ತುದಿಯಲ್ಲಿ ಪೇಂಟ್ ಕೆರೆದು, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಈ ಪಟ್ಟಿ ಇಲ್ಲದ ಗಾಡಿಯಲ್ಲಿ ಹಳ್ಳ ಹತ್ತಿಳಿಯುವಾಗ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಎಷ್ಟು ಪವರ್ ಸೆಟ್ಟಿಗೆ ಮರಳುತ್ತಿದೆ ಎಂದು ತೋರಿಸುವ ಅಂಕಿ, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ಕುಣಿಯುತ್ತದೆ, ಮಾತು ಕರಕರ ಎನ್ನುತ್ತದೆ, ಜನ ಸೆಟ್ಟನ್ನು ಬೈಯುತ್ತಾರೆ.

145 ಮೆಗಾಹರ್ಟ್ಸ್‌ಗೆ ಕ್ವಾರ್ಟರ್ ವೇವ್ ಕಡ್ಡಿ ಸುಮಾರು 49 ಸೆಂ.ಮೀ. ಮೊದಲು 52 ಸೆಂ.ಮೀ. ಇಟ್ಟುಕೊಳ್ಳಿ. ಬಾನೆಟ್ ಮುಚ್ಚಿ, ಗಾಡಿಯನ್ನು ಗೋಡೆಯಿಂದ ದೂರ ನಿಲ್ಲಿಸಿ, 5 ವ್ಯಾಟ್‌ನಲ್ಲಿ 144, 145, 146 ಮೂರರಲ್ಲೂ ಎಸ್‌ಡಬ್ಲ್ಯೂಆರ್ ಓದಿ. 144ರಲ್ಲಿ ಕಡಿಮೆ, 146ರಲ್ಲಿ ಹೆಚ್ಚು ಬಂದರೆ ಕಡ್ಡಿ ಉದ್ದವಿದೆ ಎಂದರ್ಥ. ಗುರಿ ಹತ್ತಿರವಾದ ಮೇಲೆ ಒಮ್ಮೆಗೆ 2–3 ಮಿ.ಮೀ. ಮಾತ್ರ ಕತ್ತರಿಸಿ, 3 ಮಿ.ಮೀ. ತೆಗೆದರೆ ಸುಮಾರು 0.9 ಮೆಗಾಹರ್ಟ್ಸ್ ಮೇಲೆ ಸರಿಯುತ್ತದೆ. 1.5ರೊಳಗೆ ಬಂದರೆ ಸಾಕು, 1.1ಕ್ಕಾಗಿ ಒದ್ದಾಡಬೇಡಿ. ಇದೇ ಕಡ್ಡಿ ಮೂರು ಪಟ್ಟು ಮೇಲಿನ 435ರಲ್ಲೂ ಮುಕ್ಕಾಲು ವೇವ್ ಆಗಿ ಕೆಲಸ ಮಾಡುತ್ತದೆ. 5/8 ವೇವ್ ಆಂಟೆನಾದ ಆಸೆಗೆ ಬೀಳಬೇಡಿ, ಅಷ್ಟುದ್ದದ ಕಡ್ಡಿ ಕಾಫಿ ತೋಟದ ದಾರಿಯಲ್ಲಿ ಕೊಂಬೆಗೆ ಸಿಕ್ಕಿ ಬ್ರಾಕೆಟ್ಟನ್ನೇ ಬಗ್ಗಿಸುತ್ತದೆ.

ಬಾನೆಟ್ ಮೂಲೆಯ ಆಂಟೆನಾಕ್ಕೆ ಒಂದು ಓರೆ ಇದೆ: ತಗಡು ಯಾವ ಕಡೆ ಹೆಚ್ಚಿದೆಯೋ ಆ ಕಡೆಗೆ ಜೋರು. ಎಡ ಹಿಂಮೂಲೆಯಲ್ಲಿ ಕೂರಿಸಿದರೆ ಬಲಮುಂದಕ್ಕೆ ಚೆನ್ನಾಗಿ ಹೋಗುತ್ತದೆ, ಹಿಂದಿನ ಗಾಡಿಗಳಿಗೆ ಸ್ವಲ್ಪ ಕಡಿಮೆ. ಕನ್ವಾಯ್‌ಗೆ ಇದು ಅಡ್ಡಿಯಲ್ಲ. ಜೊತೆಗೆ, ಮುಂದಿನ ಸೀಟಿನವರ ತಲೆ ಆಂಟೆನಾದ ಹತ್ತಿರದಲ್ಲೇ ಇರುವುದರಿಂದ ಮಾಮೂಲಿಗೆ 10 ವ್ಯಾಟ್ ಸಾಕು. 50 ವ್ಯಾಟ್ ದೂರದ ರಿಪೀಟರ್‌ಗೆ, ಆಪತ್ತಿಗೆ.

ಕೋಆಕ್ಸ್ ಬೇಕಾದಷ್ಟೇ ಉದ್ದವಿರಲಿ, ಮಿಕ್ಕದ್ದನ್ನು ಸುರುಳಿ ಸುತ್ತಿ ಸೀಟಿನಡಿ ತುರುಕಬೇಡಿ. ಆರ್‌ಜಿ-58 ಎಂಬ ತೆಳು ಕೋಆಕ್ಸ್ ಐದು ಮೀಟರ್‌ಗೆ 145ರಲ್ಲಿ ಸುಮಾರು ಐದನೇ ಒಂದು ಭಾಗ ಪವರ್ ನುಂಗುತ್ತದೆ, 435ರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು.

ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಟಿಕ್ ಟಿಕ್ ಇಲ್ಲ, ಆದರೂ ಗದ್ದಲಕ್ಕೆ ಬರವಿಲ್ಲ. ಸಿಗ್ನಲ್ ಇದ್ದಕ್ಕಿದ್ದಂತೆ ಕುಗ್ಗಿದರೆ ಮೊದಲು ಅನುಮಾನಿಸಬೇಕಾದದ್ದು ಅಗ್ಗದ ಎಲ್‌ಇಡಿ ಲೈಟ್ ಬಾರ್, ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್. ಕ್ಷೀಣವಾಗಿ ಕೇಳುವ ರಿಪೀಟರ್ ಒಂದನ್ನು ಹಿಡಿದು, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗದ್ದಲ ಮುಚ್ಚಿಡುವ ವ್ಯವಸ್ಥೆ) ತೆರೆದಿಟ್ಟು, ಇವನ್ನು ಒಂದೊಂದಾಗಿ ಹಾಕಿ ಆರಿಸಿ, ಕಳ್ಳ ಸಿಕ್ಕಿಬೀಳುತ್ತದೆ. ಆ ಉಪಕರಣದ ವೈರನ್ನು ಫೆರೈಟ್ ಕ್ಲ್ಯಾಂಪ್‌ನೊಳಗೆ ಮೂರ್ನಾಲ್ಕು ಸುತ್ತು ಹಾಯಿಸಿದರೆ ಬಹಳಷ್ಟು ಇಳಿಯುತ್ತದೆ, ಇಳಿಯದಿದ್ದರೆ ಬದಲಿಸುವುದೇ ದಾರಿ. ಮೈಕ್ ಒತ್ತಿದಾಗ ಎದುರಿನವರಿಗೆ ಆಕ್ಸಿಲರೇಟರ್ ಜೊತೆ ಏರಿಳಿಯುವ ಕುಂಯ್ ದನಿ ಕೇಳಿದರೆ ಅದು ಆಲ್ಟರ್ನೇಟರ್. ಅರ್ಥಿಂಗ್ ಬಿಂದುಗಳನ್ನು ಮತ್ತೆ ಕೆರೆದು ಬಿಗಿಯಿರಿ. ವಿಂಚ್ ಎಳೆಯುವಾಗ ಸೆಟ್ಟು ಆರಿಸಿಡಿ, ವೋಲ್ಟೇಜ್ ಅಷ್ಟು ಕುಸಿಯುತ್ತದೆ.

ಸಕಲೇಶಪುರ, ಬಿಸಿಲೆ ಕಡೆಯ ಮಳೆಗೆ ಬೇರೆಯೇ ಲೆಕ್ಕ. ಸೆಟ್ಟಿನ ದೇಹವನ್ನು ನೆಲದ ಮೇಲೆ ಇಡಬೇಡಿ, ಹಳ್ಳ ದಾಟುವಾಗ ಮೊದಲು ನೀರು ಬರುವುದು ಅಲ್ಲಿಗೆ. ಏರ್‌ಬ್ಯಾಗ್ ಬಿಚ್ಚುವ ದಾರಿಯನ್ನೂ ಬಿಡಿ. ಫ್ಯಾನ್‌ಗೆ ಗಾಳಿ ಆಡಲು ಹಿಂದೆ ನಾಲ್ಕು ಬೆರಳು ಜಾಗ, ಎಲ್ಲ ಬೋಲ್ಟ್‌ಗೂ ಕುಲುಕಾಟಕ್ಕೆ ಸಡಿಲವಾಗದ ನೈಲಾಕ್ ನಟ್. ಹೊರಗಿನ ಕನೆಕ್ಟರ್ ಮೇಲೆ ಮೊದಲು ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪ್, ಅದರ ಮೇಲೆ ಪಿವಿಸಿ ಟೇಪ್. ಕೇಬಲ್ ಒಳಹೋಗುವ ಮುನ್ನ ಒಮ್ಮೆ ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಲಿ. ನೀರು ಕುಡಿದ ಕೋಆಕ್ಸ್‌ನ ಎಸ್‌ಡಬ್ಲ್ಯೂಆರ್ ಕೆಡುವ ಬದಲು ಮೊದಲಿಗಿಂತ ಚೆನ್ನಾಗಿಯೇ ಕಾಣಬಹುದು. ಮರಳಿ ಬರಬೇಕಾದ ಪವರ್ ಕೇಬಲ್‌ನಲ್ಲೇ ಬಿಸಿಯಾಗಿ ಕಳೆದುಹೋಗಿರುತ್ತದೆ. ಮಳೆಗಾಲ ಮುಗಿದ ಮೇಲೆ ಮೀಟರ್ ಏನೂ ಹೇಳದೆ ದೂರ ಮಾತ್ರ ಕುಗ್ಗಿದ್ದರೆ ಕನೆಕ್ಟರ್ ಬಿಚ್ಚಿ ನೋಡಿ: ಕೇಬಲ್ ಒಳಗಿನ ತಾಮ್ರದ ಹೆಣಿಗೆ ಕಪ್ಪಾಗಿದ್ದರೆ ಆ ಕೇಬಲ್ ಎಸೆಯಿರಿ.

ಕೊನೆಗೆ ಕಾನೂನು. ಈ ಸೆಟ್ಟಿನಲ್ಲಿ ಮಾತಾಡಲು ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಹ್ಯಾಮ್ ಲೈಸೆನ್ಸ್ ಪಡೆದಿರಬೇಕು, ನಿಮ್ಮ ದರ್ಜೆಗೆ ನಮೂದಿಸಿದ ಪವರ್ ಮಿತಿಯೊಳಗೇ ಇರಬೇಕು, 144–146 ಮತ್ತು 434–438ರ ಆಚೆ ಮೈಕ್ ಒತ್ತಬಾರದು. ಹಣ ಪಡೆದು ಟ್ರಿಪ್ ನಡೆಸುವವರು ವ್ಯವಹಾರಕ್ಕೆ ಹ್ಯಾಮ್ ಬ್ಯಾಂಡ್ ಬಳಸುವಂತಿಲ್ಲ. ಕನ್ವಾಯ್‌ನಲ್ಲಿ ಲೈಸೆನ್ಸ್ ಇಲ್ಲದವರಿದ್ದರೆ ಅವರ ಜೊತೆಗಿನ ಮಾತಿಗೆ 446.0–446.2 ಮೆಗಾಹರ್ಟ್ಸ್‌ನ, ಅನುಮೋದನೆ ಪಡೆದ ಅರ್ಧ ವ್ಯಾಟಿನ ಕೈಸೆಟ್ಟುಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.