ಬೆಕ್ಕು ನೋಡಿಕೊಳ್ಳುತ್ತೇನೆ ಎಂದು ಹಣ ತೆಗೆದುಕೊಂಡವನು ಬೇರೆ ಬೆಕ್ಕಿನ ಫೋಟೋ ಕಳಿಸಿದ. ಕಾಸರಗೋಡಿನವರು ಜಾಗ್ರತೆ

ಕ್ರಿಸ್‌ಮಸ್ ರಜೆಗೆ ಊರು ಬಿಡುವವರು, ಮನೆಯಲ್ಲಿ ಬೆಕ್ಕು ಇರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಹೆದರುಪುಕ್ಕಲು ಬೆಕ್ಕು ಇದ್ದರೆ ಓದಲೇಬೇಕು. ಓಣಂ ರಜೆಯಲ್ಲಿ ನಮಗೆ ಆದದ್ದು ಇದು. ಸಿಟ್ಟು ಇನ್ನೂ ಇಳಿದಿಲ್ಲ, ಬರೆದದ್ದು ಹಿಂದೆ ಮುಂದೆ ಆದರೆ ಸುಧಾರಿಸಿಕೊಳ್ಳಿ.

ಹೆಸರು ಹಾಕುವುದಿಲ್ಲ. ಊರು ಬಿಡುವವರ ನಾಯಿ, ಬೆಕ್ಕುಗಳನ್ನು ಹಣಕ್ಕೆ ತನ್ನ ಮನೆಯಲ್ಲೇ ಇಟ್ಟು ನೋಡಿಕೊಳ್ಳುವ ಒಬ್ಬ ಹುಡುಗ. ಕನ್ನಡ, ತುಳು, ಮಲಯಾಳ ಮೂರೂ ಚೆನ್ನಾಗಿ ಮಾತಾಡುತ್ತಾನೆ. ಮಾತಿಗೆ ಏನೂ ಕಡಿಮೆ ಇಲ್ಲ.

ನಮ್ಮ ಬೊಳ್ಳಿ ಬಿಳಿ ಬೆಕ್ಕು. ಬಾಲದ ತುದಿ ಗಂಟು ಕಟ್ಟಿದ ಹಾಗೆ ಮಡಚಿಕೊಂಡಿದೆ, ಹುಟ್ಟಿನಿಂದಲೇ. ಬದಿಯಡ್ಕದ ನಮ್ಮ ಮನೆ ಬಿಟ್ಟರೆ ಅದಕ್ಕೆ ಬೇರೆ ಲೋಕ ಗೊತ್ತಿಲ್ಲ. ಮಿಕ್ಸಿ ಶಬ್ದಕ್ಕೆ ಹೆದರುತ್ತದೆ. ಅಂಗಳಕ್ಕೆ ಆಟೋ ಬಂದರೆ ಹೆದರುತ್ತದೆ. ಅಡಿಕೆ ಕೊಯ್ಲಿನವರು ಬಂದ ದಿನ ಅಟ್ಟ ಹತ್ತಿದರೆ ಅವರು ಹೋದ ಮೇಲೆಯೇ ಇಳಿಯುವುದು. ನಾವು ಎಲ್ಲಿಗಾದರೂ ಹೋದರೆ ಪಕ್ಕದ ಮನೆಯ ಅಕ್ಕ ಬಂದು ಅನ್ನ ಮೀನು ಹಾಕಿ ಹೋಗುತ್ತಿದ್ದರು. ಈ ಸಲ ಮಗಳ ಹೆರಿಗೆಗೆಂದು ಅವರು ಮಂಗಳೂರಲ್ಲಿ ಇದ್ದರು. ಮಕ್ಕಳಿಗೆ ಶಾಲೆ ರಜೆ, ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡುವುದೆಂದು ರೂಮು ಬುಕ್ ಆಗಿತ್ತು. ಹಾಗೆ ಈ ಹುಡುಗನ ನಂಬರ್ ಸಿಕ್ಕಿತು.

ನಾನು ಕೇಳಬೇಕಾದದ್ದೆಲ್ಲ ಕೇಳಿದ್ದೇನೆ. ನಾಯಿ ಇದೆಯಾ? "ನಾಯಿ ಬೇರೆ ಕಡೆ ಅಕ್ಕಾ, ಬೆಕ್ಕಿಗೆ ಬೇರೆಯೇ ಕೋಣೆ ಉಂಟು." ಬಾಗಿಲು ಭದ್ರ ಇದೆಯಾ? "ಉಂಟು ಅಕ್ಕಾ." ದಿನಾ ಫೋಟೋ ಕಳಿಸುತ್ತೀರಾ? "ಬೆಳಿಗ್ಗೆ ಒಂದು, ಸಂಜೆ ಒಂದು." ಇಷ್ಟು ಸಾಲದು ಎಂದು ವಾಟ್ಸಾಪ್‌ನಲ್ಲೂ ಬರೆದೆ. ತುಂಬಾ ಹೆದರುವ ಬೆಕ್ಕು, ಕೋಣೆಯ ಬಾಗಿಲು ಹಾಕದೆ ಗೂಡು ತೆರೆಯಬೇಡಿ, ಯಾರಾದರೂ ನೋಡುತ್ತಾ ನಿಂತರೆ ತಿನ್ನುವುದಿಲ್ಲ, ಊಟ ಇಟ್ಟು ಹೊರಗೆ ಬನ್ನಿ ಅಂತ. ಅದಕ್ಕೆ ಹೆಬ್ಬೆರಳು ಎತ್ತಿದ ಚಿತ್ರ ಬಂತು, ಕೆಳಗೆ "ಟೆನ್ಷನ್ ಬೇಡ ಅಕ್ಕಾ". ದಿನಕ್ಕೆ 400 ರೂಪಾಯಿ. ಮುಂಗಡ ಅಂತ ಅರ್ಧ ಅಲ್ಲ, ಪೂರ್ತಿ ಗೂಗಲ್ ಪೇ ಮಾಡಿಸಿಕೊಂಡ.

ಅವನು ಮಾತ್ರ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಏನು ತಿನ್ನುತ್ತದೆ, ಚುಚ್ಚುಮದ್ದು ಆಗಿದೆಯಾ, ಹುಷಾರಿಲ್ಲದಿದ್ದರೆ ಯಾವ ಡಾಕ್ಟರಿಗೆ ತೋರಿಸಬೇಕು, ಏನೂ ಇಲ್ಲ. ಎಲ್ಲದಕ್ಕೂ ಉಂಟು, ಉಂಟು.

ಬೊಳ್ಳಿಯನ್ನು ಅವನ ಮನೆಯಲ್ಲಿ ಬಿಟ್ಟ ಸಂಜೆ ಒಂದು ಫೋಟೋ ಬಂತು. ಗೂಡಿನ ಮೂಲೆಯಲ್ಲಿ ಮುದುಡಿಕೊಂಡ ಬೊಳ್ಳಿಯೇ. ಮರುದಿನ ಬರೀ ಮಾತು, "ಚೆನ್ನಾಗಿ ತಿಂತು ಅಕ್ಕಾ". ಫೋಟೋ ಎಲ್ಲಿ ಅಂತ ಕೇಳಿದರೆ ಉತ್ತರ ಇಲ್ಲ. ಮತ್ತೆ ಕೇಳಿದೆ. ಮತ್ತೆ ಕೇಳಿದೆ. ಅದರ ಮರುದಿನ ಒಂದು ಫೋಟೋ ಕಳಿಸಿದ. ಕೋಣೆಯ ನಡುವೆ ಆರಾಮವಾಗಿ ನಿಂತು ತಟ್ಟೆಯಿಂದ ತಿನ್ನುತ್ತಿರುವ ಬಿಳಿ ಬೆಕ್ಕು. ನಾವು ಆಗ ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲಲ್ಲಿ ಕೂತಿದ್ದೆವು. ನನಗೆ ಎಷ್ಟು ಖುಷಿಯಾಯಿತೆಂದರೆ ಅಮ್ಮನಿಗೆ, ನಾದಿನಿಗೆ ಎಲ್ಲರಿಗೂ ಆ ಫೋಟೋ ಕಳಿಸಿದೆ. ನೋಡಿ, ನಮ್ಮ ಬೊಳ್ಳಿಗೆ ಧೈರ್ಯ ಬಂದಿದೆ ಅಂತ. ಅವನಿಗೂ ಬರೆದೆ, ತುಂಬಾ ಥ್ಯಾಂಕ್ಸ್, ದೇವರು ಒಳ್ಳೆಯದು ಮಾಡಲಿ ಅಂತ. ಅವನು ಕೈ ಮುಗಿದ ಚಿತ್ರ ಹಾಕಿದ.

ಮಗಳು ಫೋನ್ ತೆಗೆದುಕೊಂಡು ದೊಡ್ಡದು ಮಾಡಿ ನೋಡಿದಳು. "ಅಮ್ಮಾ, ಇದು ಬೊಳ್ಳಿ ಅಲ್ಲ. ಬಾಲ ನೋಡು."

ಬಾಲ ನೆಟ್ಟಗೆ ಇತ್ತು.

ಆ ಹೊತ್ತಿನ ನಾಚಿಕೆ ಹೇಳಲಿಕ್ಕೆ ಆಗುವುದಿಲ್ಲ. ನಾನು ಥ್ಯಾಂಕ್ಸ್ ಹೇಳಿದಾಗ ಅವನಿಗೆ ಗೊತ್ತಿತ್ತು ಅಲ್ವಾ? ಗೊತ್ತಿದ್ದೂ ಕೈ ಮುಗಿದ ಅಲ್ವಾ? ಇದನ್ನು ನನಗೆ ಈಗಲೂ ಸಹಿಸಲು ಆಗುತ್ತಿಲ್ಲ.

ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ಮೆಸೇಜ್, "ಸಾರಿ ಅಕ್ಕಾ, ಕೆಲಸದ ಹುಡುಗ ತಪ್ಪಿ ಬೇರೆ ಬೆಕ್ಕಿನ ಫೋಟೋ ತೆಗೆದ." ಹಾಗಾದರೆ ಈಗ ಬೊಳ್ಳಿಯದು ಕಳಿಸಿ. "ಮಲಗಿದೆ ಅಕ್ಕಾ, ಎಬ್ಬಿಸುವುದು ಬೇಡ." ಮಲಗಿದ್ದನ್ನೇ ತೆಗೆದು ಕಳಿಸಿ. "ಕೋಣೆ ಕತ್ತಲೆ." ವಿಡಿಯೋ ಕಾಲ್ ಮಾಡಿ. "ಮಳೆ, ರೇಂಜ್ ಇಲ್ಲ." ರೇಂಜ್ ಇಲ್ಲದೆ ಇಷ್ಟೆಲ್ಲ ಮೆಸೇಜ್ ಹೇಗೆ ಬರುತ್ತದೆ ಮಾರಾಯ್ರೆ?

ಕುಂಬ್ಳೆಯಲ್ಲಿರುವ ಭಾವನನ್ನು ಅಲ್ಲಿಗೆ ಓಡಿಸಿದೆವು. ಪಾಪ, ಮಳೆಯಲ್ಲೇ ಬೈಕ್‌ನಲ್ಲಿ ಹೋದರು. ಅಲ್ಲಿ ಬೇರೆ ಕೋಣೆ ಅಂತ ಒಂದಿಲ್ಲ. ಶೀಟು ಹಾಕಿದ ಒಂದು ಚಾವಡಿ. ಈ ಬದಿ ನಾಯಿಗಳು, ಆ ಬದಿ ಬೆಕ್ಕಿನ ಗೂಡುಗಳು. ನಾಯಿ ಬೊಗಳುವ ಸದ್ದಿಗೆ ಭಾವನ ಮಾತೇ ಫೋನಿನಲ್ಲಿ ಕೇಳುತ್ತಿರಲಿಲ್ಲ. ಬೊಳ್ಳಿಯ ಗೂಡು ಖಾಲಿ. ನಾವು ಬಿಟ್ಟ ಮರುದಿನ ಬೆಳಿಗ್ಗೆ ಗೂಡು ತೊಳೆಯಲು ಬಾಗಿಲು ತೆರೆದಾಗ ಓಡಿ, ಹಿಂದಿನ ಸೌದೆ ಕೊಟ್ಟಿಗೆಗೆ ನುಗ್ಗಿತ್ತಂತೆ. ಅಂದರೆ "ಚೆನ್ನಾಗಿ ತಿಂತು" ಎಂದು ಬರೆದ ದಿನ ಬೊಳ್ಳಿ ಗೂಡಿನಲ್ಲಿ ಇರಲೇ ಇಲ್ಲ! ಫೋಟೋದಲ್ಲಿದ್ದ ಬಿಳಿ ಬೆಕ್ಕು ಅವನ ಮನೆಯದ್ದು, ಜಗಲಿಯ ಕುರ್ಚಿಯಲ್ಲಿ ಮಲಗಿತ್ತು. ಸೌದೆ ರಾಶಿಯ ಹತ್ತಿರ ಒಂದು ಹಿಡಿಸೂಡಿ ಕೋಲು ಬಿದ್ದಿತ್ತು. ಅದರಲ್ಲಿ ತಿವಿದು ಹೊರಗೆ ಓಡಿಸಲು ನೋಡಿದ್ದಾರೆ. ಇದನ್ನು ಅವನೇ ಭಾವನ ಹತ್ತಿರ ಹೇಳಿದ, ದೊಡ್ಡ ಉಪಕಾರ ಮಾಡಿದವನ ಹಾಗೆ.

ಪಟ್ಟದಕಲ್ಲು ನೋಡಲಿಲ್ಲ. ಹುಬ್ಬಳ್ಳಿಗೆ ಬಂದು ರಾತ್ರಿ ಬಸ್ಸಿನಲ್ಲಿ ಮಂಗಳೂರು, ಅಲ್ಲಿಂದ ಕಾಸರಗೋಡು. ಭಾವ ಕರೆದಾಗ ಬೊಳ್ಳಿ ಅಲುಗಿರಲಿಲ್ಲ. ಅಂದು ರಾತ್ರಿ ನಾಯಿಗಳನ್ನೆಲ್ಲ ಒಳಗೆ ಹಾಕಿಸಿ, ಲೈಟ್ ಆರಿಸಿ, ನಾನು ಉಟ್ಟು ಬಿಟ್ಟ ಸೀರೆ ಸೌದೆ ಹತ್ತಿರ ಹಾಸಿ ಸುಮ್ನೆ ಕೂತೆ. ತುಂಬಾ ಹೊತ್ತು ಕೂತ ಮೇಲೆ ಸಣ್ಣದಾಗಿ ಒಂದು ಮ್ಯಾವ್ ಕೇಳಿತು. ಆಮೇಲೆ ತೆವಳಿಕೊಂಡು ಬಂತು. ಮೈಯೆಲ್ಲ ಮೂಳೆ.

ಡಾಕ್ಟರ್ ಡ್ರಿಪ್ ಹಾಕಿದರು. ನಾಯಿ ಉಪವಾಸ ತಡೆದ ಹಾಗೆ ಬೆಕ್ಕು ತಡೆಯುವುದಿಲ್ಲ, ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಹೋಗಿ ಲಿವರಿನಲ್ಲಿ ತುಂಬಲು ಶುರುವಾಗಬಹುದು, ದಪ್ಪ ಬೆಕ್ಕಾದರೆ ಅಪಾಯ ಇನ್ನೂ ಜಾಸ್ತಿ ಅಂದರು. ಬೊಳ್ಳಿ ಬದುಕಿತು. ಆದರೆ ಈಗ ಅಂಗಳಕ್ಕೂ ಇಳಿಯುವುದಿಲ್ಲ.

ಹಣ ವಾಪಸ್ ಕೇಳಿದ್ದಕ್ಕೆ ಅವನ ಉತ್ತರ ನೋಡಿ. "ಬೆಕ್ಕು ಸಿಕ್ಕಿತಲ್ಲ ಅಕ್ಕಾ, ಮತ್ತೆ ಯಾಕೆ ಗಲಾಟೆ?" ಡಾಕ್ಟರ್ ಬಿಲ್ ಕಳಿಸಿದೆ. "ನಿಮ್ಮ ಬೆಕ್ಕಿಗೆ ಮನುಷ್ಯರೇ ಆಗುವುದಿಲ್ಲ, ಅದನ್ನು ಮೊದಲೇ ಹೇಳಬೇಕಿತ್ತು." ಮೊದಲೇ ಹೇಳಿದ್ದೆ! ನಾನು ಬರೆದದ್ದರ ಸ್ಕ್ರೀನ್‌ಶಾಟ್, ಅವನ ಹೆಬ್ಬೆರಳು ಸಮೇತ, ತಿರುಗಿ ಅವನಿಗೇ ಕಳಿಸಿದೆ. ಆಮೇಲೆ ಬಂದದ್ದು, "ಬೇರೆ ಬೆಕ್ಕುಗಳೆಲ್ಲ ಸರಿಯಾಗಿಯೇ ಇದ್ದವು." ಅಲ್ಲಿಗೆ ಬ್ಲಾಕ್ ಮಾಡಿದ.

ಹೆದರುವ ಬೆಕ್ಕನ್ನು ಮನೆಯಿಂದ ಎಬ್ಬಿಸಬೇಡಿ. ಗೊತ್ತಿದ್ದವರು ಯಾರಾದರೂ ದಿನಕ್ಕೆ ಎರಡು ಸಲ ಮನೆಗೇ ಬಂದು ಊಟ ನೀರು ಇಟ್ಟು, ಬೆಕ್ಕನ್ನು ಕಣ್ಣಾರೆ ನೋಡಿ ಹೋಗಲಿ. ಅಂಥವರು ಸಿಗದಿದ್ದರೆ ಹೊರಡುವ ಮೊದಲೇ ಆ ಜಾಗಕ್ಕೆ ಹೋಗಿ ನೋಡಿ, ಹೇಳದೆ ಹೋಗಿ. ಫೋಟೋ ನಂಬಬೇಡಿ, ದಿನಾ ವಿಡಿಯೋ ಕಾಲ್ ಮಾಡಿಸಿ. ಪೂರ್ತಿ ಹಣ ಮೊದಲೇ ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ.

1915ಕ್ಕೆ, ಅದು ಗ್ರಾಹಕ ಸಹಾಯವಾಣಿ, ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹಾಕುತ್ತೇನೆ. ಕೊಟ್ಟ ಹಣ 5 ಲಕ್ಷದ ಒಳಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ. ಆ ನೆಟ್ಟಗಿನ ಬಾಲದ ಫೋಟೋ, ಖಾಲಿ ಗೂಡಿನ ಫೋಟೋ, ಮೆಸೇಜ್ ಎಲ್ಲ ತೆಗೆದಿಟ್ಟಿದ್ದೇನೆ. ಇದೇ ಹುಡುಗನಿಂದ ಮೋಸ ಹೋದವರು ಬೇರೆ ಯಾರಾದರೂ ಇದ್ದರೆ ನೀವೂ ಏನನ್ನೂ ಅಳಿಸಬೇಡಿ, ಒಟ್ಟಿಗೇ ದೂರು ಕೊಡೋಣ.