ಎಚ್‌ಟುಎಸ್ ಬಾಟಲಿ: ಬೋರ್‌ವೆಲ್‌ಗೆ ಸರಿ, ವೃಷಭಾವತಿಗೆ ಸಾಲದು

ನೀರಲ್ಲಿ ಮಲದ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಲು ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಈ ಬಾಟಲಿ ತುಂಬಾ ಸುಲಭ. ಗೆರೆವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, 30ರಿಂದ 37 ಡಿಗ್ರಿ ಬೆಚ್ಚಗಿರುವ ಕಡೆ ಇಟ್ಟರೆ, ಕಲ್ಮಶ ಇದ್ದಲ್ಲಿ 24ರಿಂದ 48 ಗಂಟೆಯೊಳಗೆ ನೀರು ಕಪ್ಪಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಸುಮ್ನೆ ಕಿಟಕಿ ಹತ್ತಿರ ಇಟ್ಟು ಫಲಿತಾಂಶ ನಂಬಬೇಡಿ. ಬೋರ್‌ವೆಲ್, ಬಾವಿ ನೀರಿಗೆ ಖಂಡಿತ ತೆಗೆದುಕೊಳ್ಳಿ.

ಬೆಂಗಳೂರಿನ ವೃಷಭಾವತಿ ನದಿಗೆ ಮಾತ್ರ ಸಾಲದು. ಅಲ್ಲಿ ಕೊಳಚೆ ಕಣ್ಣಿಗೇ ಕಾಣುತ್ತದೆ, ಬಾಟಲಿ ಕಪ್ಪಾಗೇ ಆಗುತ್ತದೆ. ಎಷ್ಟಿದೆ ಅಂತ ಗೊತ್ತಾಗಬೇಕಲ್ವಾ? ನದಿಯಲ್ಲಿ ಸ್ನಾನ ಮಾಡುವ ನೀರಲ್ಲೇ ಫೀಕಲ್ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) 100 ಮಿಲಿಲೀಟರ್‌ಗೆ 2500 ದಾಟಬಾರದು. ಆ ಲೆಕ್ಕಕ್ಕೆ ಲ್ಯಾಬೇ ಬೇಕು. ಈ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಬಳಸಿದ ಬಾಟಲಿಗೆ ಬ್ಲೀಚಿಂಗ್ ಪುಡಿ ಹಾಕಿದ ಮೇಲೆಯೇ ಚೆಲ್ಲಿ.