ಮಲಾವಿ ಸಿಕ್ಲಿಡ್ ಟ್ಯಾಂಕಿಗೆ ಕ್ಯಾನಿಸ್ಟರ್ ಫಿಲ್ಟರ್: ಮೈಸೂರಿನಲ್ಲಿ ಮೂರು ವರ್ಷ ಓಡಿಸಿದ ಮೇಲೆ

ಡಬ್ಬಿಯ ಮೇಲೆ ಗಂಟೆಗೆ 1,400 ಲೀಟರ್ ಎಂದು ಬರೆದಿರುವ, ನಾಲ್ಕು ಟ್ರೇಗಳ, 30 ವ್ಯಾಟಿನ ಕ್ಯಾನಿಸ್ಟರ್ ಇದು, ಅಂದರೆ ಟ್ಯಾಂಕಿನ ಹೊರಗಿಟ್ಟು ಪೈಪಿನಿಂದ ನೀರೆಳೆದು ಸೋಸುವ ಮುಚ್ಚಿದ ಡಬ್ಬಿ. ಮೂರು ವರ್ಷದಿಂದ ಓಡುತ್ತಿರುವುದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, 10 ಮಿ.ಮೀ. ಗಾಜಿನ ಟ್ಯಾಂಕಿಗೆ. ಲೆಕ್ಕಕ್ಕೆ 255 ಲೀಟರ್. ಮೇಲೆ ಬಿಟ್ಟ ಎರಡು ಇಂಚು, 40 ಕಿಲೋ ಕಲ್ಲು, 25 ಕಿಲೋ ಮರಳು ಕಳೆದರೆ ನಿಜವಾಗಿ ನಿಲ್ಲುವ ನೀರು 200 ಲೀಟರ್ ಅಷ್ಟೆ. ಔಷಧ ಹಾಕುವಾಗ ಈ 200ನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮೀನು ಒಟ್ಟು 25: ಹಳದಿ ಲ್ಯಾಬ್ 7, ರಸ್ಟಿ 6, ಡೆಮಸೋನಿ 12. ಮೂರೂ ಆಫ್ರಿಕಾದ ಮಲಾವಿ ಸರೋವರದ ಬಂಡೆ ಸಂದಿಗಳಲ್ಲಿ ಬದುಕುವ, ಎಂಬುನಾ ಎಂಬ ಗುಂಪಿನ ಸಿಕ್ಲಿಡ್ ಮೀನುಗಳು.

ಮೊದಲು ಹರಿವಿನ ವಿಷಯ. 1,400 ಅನ್ನುವುದು ಒಳಗೆ ಏನೂ ತುಂಬದ, ಪೈಪಿಗೆ ಎತ್ತರವೇ ಇಲ್ಲದ ಪಂಪಿನ ಅಳತೆ. ಸ್ಪಂಜು, ಸೆರಾಮಿಕ್ ರಿಂಗ್ ತುಂಬಿ ಸ್ಟ್ಯಾಂಡಿನ ಕೆಳಗಿಟ್ಟರೆ ಬರುವುದು ಸುಮಾರು 900. ಅಳೆಯುವುದು ಸುಲಭ: ನೀರು ಬರುವ ಪೈಪನ್ನು 10 ಲೀಟರ್ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 900 ಲೀಟರ್. ಬಕೆಟ್ಟು ಟ್ಯಾಂಕಿನ ನೀರಿನ ಮಟ್ಟದಲ್ಲೇ ಇರಬೇಕು. ನೆಲದ ಮೇಲಿಟ್ಟರೆ ಇಳಿಜಾರಿನ ಎಳೆತವೂ ಸೇರಿ ಲೆಕ್ಕ ಕೆಡುತ್ತದೆ. ಅದೇ ಬಕೆಟ್ಟು ತುಂಬಲು ಒಂದು ನಿಮಿಷ ಹಿಡಿಯತೊಡಗಿತೆಂದರೆ ತೊಳೆಯುವ ಕಾಲ ಬಂತೆಂದೇ ಅರ್ಥ. ಈ ಟ್ಯಾಂಕಿನಲ್ಲಿ ಅದು ಐದಾರು ವಾರಕ್ಕೊಮ್ಮೆ ಬರುತ್ತದೆ.

900 ಲೀಟರ್ ನೀರನ್ನು ಶುದ್ಧವಾಗಿಡಲು ಸಾಕು, ಕಲ್ಲಿನ ಹಿಂದೆ ಕೂತ ಹಿಕ್ಕೆಯನ್ನು ಎಬ್ಬಿಸಲು ಸಾಲದು. ಎಂಬುನಾಗಳು ದಿನವಿಡೀ ಕೆರೆದು ತಿನ್ನುವ ಮೀನು, ಹಿಕ್ಕೆಯೂ ಅದಕ್ಕೆ ತಕ್ಕಷ್ಟು. ಹಿಂಬದಿ ಮೂಲೆಯಲ್ಲಿ 6 ವ್ಯಾಟಿನ ಒಂದು ವೇವ್‌ಮೇಕರ್ (ನೀರನ್ನು ರಭಸವಾಗಿ ತಳ್ಳುವ ಪುಟ್ಟ ಪಂಪು) ಹಾಕಿ, ಅದರ ರಭಸ ಕಸವನ್ನು ಫಿಲ್ಟರ್ ಬಾಯಿಯ ಕಡೆಗೆ ತಳ್ಳುವಂತೆ ತಿರುಗಿಸಿದ ಮೇಲೆಯೇ ಈ ಫಿಲ್ಟರಿನ ಪೂರ್ತಿ ಪ್ರಯೋಜನ ಸಿಗುವುದು. ಇದಿಲ್ಲದೆ ಬರೀ ಕ್ಯಾನಿಸ್ಟರ್ ಕೊಂಡವರು ಫಿಲ್ಟರನ್ನೇ ದೂರುತ್ತಾರೆ, ಅದು ನ್ಯಾಯವಲ್ಲ.

ನೀರು ಕೆಳಗಿನಿಂದ ಮೇಲೇರುವ ಮಾದರಿ ಇದು. ಹಾಗಾಗಿ ತಳದಲ್ಲಿ ಒರಟು ಸ್ಪಂಜು, ನಡುವಿನ ಎರಡು ಟ್ರೇಗಳಲ್ಲಿ ಸೆರಾಮಿಕ್ ರಿಂಗ್, ಮೇಲೆ ತೆಳುವಾಗಿ ಬಿಳಿ ಹತ್ತಿಯ ಪದರ. ಹತ್ತಿಯನ್ನು ಕೆಳಗೆ ಹಾಕಿದರೆ ಹತ್ತು ದಿನದಲ್ಲಿ ಕಟ್ಟಿಕೊಳ್ಳುತ್ತದೆ. ತೊಳೆಯುವಾಗ ಟ್ಯಾಂಕಿನಿಂದಲೇ ತೆಗೆದ ನೀರು ಬೇಕು. ಸ್ಪಂಜು, ರಿಂಗುಗಳ ಮೇಲೆ ನೆಲೆಸಿ ಮೀನಿನ ಕೊಳೆಯ ಅಮೋನಿಯಾವನ್ನು ಮುಗಿಸುವ ಬ್ಯಾಕ್ಟೀರಿಯಾವನ್ನು ನಲ್ಲಿ ನೀರಿನ ಕ್ಲೋರಿನ್ ಕೊಲ್ಲುತ್ತದೆ. ಸ್ಪಂಜು ಹಿಂಡಿದ ದಿನ ರಿಂಗುಗಳನ್ನು ಮುಟ್ಟಬಾರದು. ಮುಚ್ಚಳದ ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಮಾತ್ರ, ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಉಬ್ಬಿಸುತ್ತದೆ. ಒಂದು ಮರಳಿನ ಕಣ ಓ-ರಿಂಗಿನ ಅಡಿ ಸಿಕ್ಕಿದರೂ ಸಾಕು, ರಾತ್ರಿಯೆಲ್ಲಾ ಹನಿ ತೊಟ್ಟಿಕ್ಕುತ್ತದೆ.

ಇನ್ನು ಈ ಫಿಲ್ಟರಿನ ನಿಜವಾದ ದೌರ್ಬಲ್ಯ: ಕರೆಂಟ್ ಹೋದಾಗ. ಡಬ್ಬಿ ಪೂರ್ತಿ ಮುಚ್ಚಿರುತ್ತದೆ, ಒಳಗಿನ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನು ಬೇಗ ಮುಗಿಸುತ್ತವೆ. ಅರ್ಧ ಗಂಟೆ, ಒಂದು ಗಂಟೆಗೆ ಏನೂ ಆಗುವುದಿಲ್ಲ. ನಾಲ್ಕೈದು ಗಂಟೆ ನಿಂತರೆ ಒಳಗೆ ಕೊಳೆತ ಮೊಟ್ಟೆಯ ವಾಸನೆ ಶುರುವಾಗುತ್ತದೆ, ಕರೆಂಟ್ ಬಂದ ಕ್ಷಣ ಆ ನೀರೆಲ್ಲ ಮೀನಿನ ಮೇಲೆ ಸುರಿಯುತ್ತದೆ. ಬೆಳಗ್ಗೆ ಟ್ಯಾಂಕ್ ತುಂಬ ಸತ್ತ ಮೀನು ಕಂಡವರಲ್ಲಿ ಎಷ್ಟೋ ಮಂದಿಗೆ ಕಾರಣ ಇದೇ ಎಂದು ಗೊತ್ತಾಗುವುದೇ ಇಲ್ಲ. ಕರೆಂಟ್ ಹೋಗಿ ಮೂರು ಗಂಟೆ ಕಳೆದಿದ್ದರೆ ಪ್ಲಗ್ ಕಿತ್ತಿಡಿ. ಕರೆಂಟ್ ಬಂದ ಮೇಲೆ ಡಬ್ಬಿಯ ನೀರನ್ನು ಬಕೆಟ್ಟಿಗೆ ಚೆಲ್ಲಿ, ಟ್ಯಾಂಕಿನ ನೀರು ತುಂಬಿಸಿ, ಆಮೇಲೆ ಚಾಲೂ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ 30 ವ್ಯಾಟ್ ಅದಕ್ಕೆ ಭಾರವಲ್ಲ, ಆದರೆ ಸೈನ್ ವೇವ್ ಇನ್ವರ್ಟರೇ ಆಗಬೇಕು. ಸ್ಕ್ವೇರ್ ವೇವ್‌ನಲ್ಲಿ ಮೋಟರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಹೀಟರನ್ನು ಮಾತ್ರ ಇನ್ವರ್ಟರಿಗೆ ಕೊಡಬೇಡಿ.

ನೀರಿನ ಮಟ್ಟಿಗೆ ನಮ್ಮ ಕಡೆಯವರು ಪುಣ್ಯವಂತರು. ಮಲಾವಿ ಸರೋವರದ ಪಿಎಚ್ 7.7ರಿಂದ 8.6. ಮೈಸೂರು, ಮಂಡ್ಯದ ಬಹಳಷ್ಟು ಬೋರ್ ನೀರು ಗಡಸು, ಕುಡಿಯಲು ಆಗದು ಎಂದು ಬೈಯುವ ನೀರೇ ಈ ಮೀನಿಗೆ ಹಿತ. ಮೈಸೂರಿನ ವಾಣಿವಿಲಾಸ ನೀರು ಸರಬರಾಜಿನಿಂದ ಬರುವ ಕಾವೇರಿ, ಕಬಿನಿ ನೀರು ಅದಕ್ಕಿಂತ ಮೆದು, ಮೇಲೆ ಕ್ಲೋರಿನ್ ಬೇರೆ. ಅರ್ಧ ಬೋರ್, ಅರ್ಧ ನಲ್ಲಿ ನೀರು ಬೆರೆಸಿ ವಾರಕ್ಕೊಮ್ಮೆ 80 ಲೀಟರ್ ಬದಲಿಸುವುದು ಇಲ್ಲಿ ಚೆನ್ನಾಗಿ ಹೊಂದಿದೆ. ಡ್ರಮ್ಮಿನಲ್ಲಿ ಒಂದು ದಿನ ಗಾಳಿಕಲ್ಲು ಹಾಕಿಟ್ಟು, 1 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಬೆರೆಸಿದರೆ ಕ್ಲೋರಿನ್ ಭಯವಿಲ್ಲ. ಬೋರ್ ಇಲ್ಲದವರು ಬದಲಿಸುವ ನೀರಿಗಷ್ಟೇ ಸೋಡಾ ಸೇರಿಸಬಹುದು: 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಕೆಎಚ್ (ಕಾರ್ಬೊನೇಟ್ ಗಡಸುತನ) ಅನ್ನು ಒಂದು ಡಿಗ್ರಿ ಏರಿಸುತ್ತದೆ, 4.4 ಗ್ರಾಂ ಎಪ್ಸಮ್ ಸಾಲ್ಟ್ ಜಿಎಚ್ (ಒಟ್ಟು ಗಡಸುತನ) ಅನ್ನು ಒಂದು ಡಿಗ್ರಿ. ಚಮಚದ ಅಂದಾಜು ಬೇಡ, ತಕ್ಕಡಿ ಇಟ್ಟುಕೊಳ್ಳಿ. ಆರ್‌ಓ ನೀರು ಬೇಡವೇ ಬೇಡ. ಮನೆಗೆ ಸಾಫ್ಟ್ನರ್ ಹಾಕಿಸಿದ್ದರೆ ಅದಕ್ಕೆ ಮುಂಚಿನ ನಲ್ಲಿಯಿಂದ ನೀರು ಹಿಡಿಯಿರಿ.

ಮಂಡ್ಯ ಕಡೆಯವರಿಗೆ ಒಂದು ಎಚ್ಚರಿಕೆ. ಕಬ್ಬು, ಭತ್ತದ ಗದ್ದೆಗಳ ನಡುವಿನ ಬೋರಿನಲ್ಲಿ ಗೊಬ್ಬರದ ನೈಟ್ರೇಟ್ ಮೊದಲೇ ಇಳಿದಿರಬಹುದು. ಟ್ಯಾಂಕಿನ ನೈಟ್ರೇಟ್ 40 ಪಿಪಿಎಂ ದಾಟಬಾರದು ಎಂದು ನೀರು ಬದಲಿಸುತ್ತೇವೆ, ಆದರೆ ತುಂಬುವ ನೀರಿನಲ್ಲೇ 40 ಇದ್ದರೆ ಏನು ಮಾಡಿದರೂ ಇಳಿಯದು. ಮೊದಲು ಬೋರ್ ನೀರನ್ನೇ ಪರೀಕ್ಷಿಸಿ.

ಗಡಸು ನೀರಿನ ಬೆಲೆಯನ್ನು ಫಿಲ್ಟರ್ ತೆರುತ್ತದೆ. ಪಂಪಿನೊಳಗೆ ತಿರುಗುವ ರೆಕ್ಕೆಚಕ್ರದ, ಅಂದರೆ ಇಂಪೆಲ್ಲರ್ ಮೇಲೆ ಬಿಳಿ ಸುಣ್ಣ ಕಟ್ಟಿ ಗರಗರ ಸದ್ದು ಬರುತ್ತದೆ. ಮೂರು ತಿಂಗಳಿಗೊಮ್ಮೆ ಇಂಪೆಲ್ಲರ್ ತೆಗೆದು ಅರ್ಧ ವಿನೆಗರ್, ಅರ್ಧ ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಜೋರಾಗಿ ಎಳೆಯಬೇಡಿ, ಒಳಗಿನ ಸೆರಾಮಿಕ್ ಕಡ್ಡಿ ಬಳೆಯಂತೆ ಪಟ್ಟನೆ ಮುರಿಯುತ್ತದೆ. ತೊಳೆದು ಜೋಡಿಸಿದ ಕೂಡಲೇ ಬರುವ ಬುಸಬುಸ ಸದ್ದು ಬೇರೆ, ಅದು ಒಳಗೆ ಸಿಕ್ಕ ಗಾಳಿ. ಡಬ್ಬಿಯನ್ನು ಎರಡೂ ಪಕ್ಕಕ್ಕೆ ನಿಧಾನ ವಾಲಿಸಿದರೆ ಹೊರಟುಹೋಗುತ್ತದೆ.

ಹೊಸದಾಗಿ ಶುರು ಮಾಡುವವರು ಅವಸರ ಪಡಬಾರದ ಜಾಗ ಒಂದಿದೆ. ಫಿಲ್ಟರ್ ಹಣ್ಣಾಗಲು, ಅಂದರೆ ಒಳಗೆ ಸಾಕಷ್ಟು ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಬೇರೆ ಮೀನಿನ ಟ್ಯಾಂಕಿನಲ್ಲಿ ಸ್ವಲ್ಪ ಅಮೋನಿಯಾ ಇದ್ದರೂ ನಡೆದುಹೋಗುತ್ತದೆ, ಇಲ್ಲಿ ನಡೆಯದು. 26 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದ ಶೇ 0.6ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ, ಪಿಎಚ್ 8.2ಕ್ಕೆ ಅದು ಸುಮಾರು ಶೇ 9. ಹದಿನೈದು ಪಟ್ಟು! ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು ಬಿಡಿ.

ಕಲ್ಲು ಜೋಡಿಸುವಾಗ ಮೊದಲು ಕಲ್ಲು, ಆಮೇಲೆ ಮರಳು. ಈ ಮೀನುಗಳು ಬುಡ ತೋಡುತ್ತವೆ, ಮರಳಿನ ಮೇಲೆ ನಿಂತ ಕಲ್ಲು ಒಂದು ದಿನ ಉರುಳಿ ಗಾಜಿಗೆ ಬಡಿಯುತ್ತದೆ. ಇಲ್ಲಿ ಸುಲಭಕ್ಕೆ ಸಿಗುವ ಗ್ರಾನೈಟ್ ಸೈಜುಗಲ್ಲು ಒಳ್ಳೆಯದು, ಆದರೆ ಅದು ಪಿಎಚ್ ಏರಿಸುವುದಿಲ್ಲ. ಟ್ಯಾಂಕಿನ ಒಟ್ಟು ತೂಕ 300 ಕಿಲೋ ದಾಟುವುದರಿಂದ ಮಹಡಿ ಮನೆಯಲ್ಲಿ ಗೋಡೆಗೆ ಒತ್ತಿ, ತೊಲೆಯ ಮೇಲೆ ಬರುವಂತೆ ಇಡಿ. ಗಾಜಿನ ಅಡಿ ಅರ್ಧ ಇಂಚು ಥರ್ಮೊಕೋಲ್.

ಕರೆಂಟ್ ಲೆಕ್ಕ: ಫಿಲ್ಟರ್ ತಿಂಗಳಿಗೆ 22 ಯೂನಿಟ್, ವೇವ್‌ಮೇಕರ್ 4, ದಿನಕ್ಕೆ 7 ಗಂಟೆ ಉರಿಯುವ 24 ವ್ಯಾಟ್ ಎಲ್‌ಇಡಿ 5. ಡಿಸೆಂಬರ್, ಜನವರಿಯಲ್ಲಿ 300 ವ್ಯಾಟ್ ಹೀಟರ್ ದಿನಕ್ಕೆ ನಾಲ್ಕು ಗಂಟೆಯಷ್ಟು ಉರಿದರೆ ಇನ್ನೂ 36. ಗೃಹಜ್ಯೋತಿಯಲ್ಲಿರುವ ಮನೆ 200 ಯೂನಿಟ್ಟಿನ ಹತ್ತಿರ ಇದ್ದರೆ ಇದನ್ನು ಮೊದಲೇ ಕೂಡಿ ನೋಡಿ, 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಹೀಟರ್ ಬೇಡ. ನೀರು 30 ದಾಟಿದರೆ ಮುಚ್ಚಳ ತೆಗೆದು ಫಿಲ್ಟರಿನ ಪೈಪನ್ನು ನೀರಿನ ಮೇಲ್ಮೈ ಒಡೆಯುವಷ್ಟು ಎತ್ತರಿಸಿ.

ಎಷ್ಟು ಒಳ್ಳೆಯ ಫಿಲ್ಟರ್ ಇದ್ದರೂ ತಪ್ಪು ಆಹಾರದಿಂದ ಮೀನನ್ನು ಉಳಿಸಲಾರದು. ಬಹುಪಾಲು ಎಂಬುನಾಗಳ ಕರುಳು ಪಾಚಿ ತಿನ್ನಲೆಂದೇ ಉದ್ದವಾಗಿದೆ. ಸ್ಪಿರುಲಿನಾ ಕಾಳು ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಂದು ದಿನ ಉಪವಾಸ. ರಕ್ತಹುಳು, ಮಾಂಸ ಬೇಡ. ಮೇವು ಬಿಟ್ಟು, ಹೊಟ್ಟೆ ಉಬ್ಬಿ, ಬಿಳಿ ದಾರದಂಥ ಹಿಕ್ಕೆ ಬಿಟ್ಟರೆ ಅದು ಮಲಾವಿ ಬ್ಲೋಟ್. ಆ ಮೀನನ್ನು ಬೇರೆ ತೊಟ್ಟಿಗೆ ಹಾಕಿ, 60 ಲೀಟರಿಗೆ 400 ಮಿ.ಗ್ರಾಂ.ನ ಒಂದು ಮೆಟ್ರೋನಿಡಜೋಲ್ ಮಾತ್ರೆ ಪುಡಿಮಾಡಿ ಹಾಕಬೇಕು, ಹೊಟ್ಟೆ ಪೂರ್ತಿ ಉಬ್ಬುವ ಮೊದಲೇ ಆದರೆ ಬದುಕುವ ಆಸೆ ಇದೆ. ದಸರಾ ರಜೆಗೆ ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಡಬೇಡಿ. ಬೆಳೆದ ಮೀನು ಒಂದು ವಾರ ಮೇವಿಲ್ಲದೆ ಆರಾಮಾಗಿ ಇರುತ್ತದೆ.

ಕೊಳ್ಳುವಾಗಲೇ ಇಂಪೆಲ್ಲರ್, ಸೆರಾಮಿಕ್ ಕಡ್ಡಿ, ಓ-ರಿಂಗ್ ಒಂದೊಂದು ಹೆಚ್ಚುವರಿ ತೆಗೆದಿಡಿ, ಮುರಿದ ದಿನ ಊರಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ. ನೀರೆಳೆಯುವ ಬಾಯಿಗೆ ಒರಟು ಸ್ಪಂಜಿನ ಟೋಪಿಯನ್ನೂ ಹಾಕಿ. ಹೆಣ್ಣು ಮೂರು ವಾರ ಉಪವಾಸವಿದ್ದು ಬಾಯಲ್ಲಿ ಕಾಪಾಡಿದ ಮರಿಗಳು ಹೊರಬಂದಾಗ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ ಇರುತ್ತವೆ. ಟೋಪಿ ಇಲ್ಲದಿದ್ದರೆ ಅವು ನೇರ ಡಬ್ಬಿಯೊಳಗೆ ಹೋಗುತ್ತವೆ. ತೊಳೆಯುವ ದಿನ ತಳದ ಟ್ರೇ ಎತ್ತಿದಾಗ ಆ ಬಗ್ಗಡವನ್ನು ಚರಂಡಿಗೆ ಚೆಲ್ಲುವ ಮೊದಲು ಒಂದು ಬಿಳಿ ಬೇಸಿನ್ನಿಗೆ ಸುರಿದು ನೋಡಿ.